ಬಾಲ್ಕನ್ ಯುದ್ಧದ ಗಾಯಾಳುಗಳೂ ಡಾ. ಅನ್ಸಾರಿಯವರ ವೈದ್ಯಕೀಯ ನಿಯೋಗವೂ

(ಶುಶ್ರೂಷಾ ವಿದ್ಯಾರ್ಥಿಗಳ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯುದ್ಧಭೂಮಿಯ ಶುಶ್ರೂಷೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ ವಿಷಯ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಎರಡು ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಒಂದು, ಪ್ರವಾದಿ ಮುಹಮ್ಮದ್(ಸ)ರ ಕಾಲದ ಹ. ರುಫೈದಾ(ರ). ಇನ್ನೊಂದು, ಫ್ಲಾರೆನ್ಸ್ ನೈಟಿಂಗೇಲ್. ಇವರಿಬ್ಬರ ನಡುವೆ ಹನ್ನೆರಡು ಶತಮಾನಗಳ ಅಂತರವಿದೆ. ಇಬ್ಬರೂ ಸ್ಮರಣೀಯರೇ. ಆದರೆ ನಮ್ಮದೇ ದೇಶದ ಮುಸ್ಲಿಮರು, ನಮ್ಮ ಮುತ್ತಜ್ಜಂದಿರ ಕಾಲದಲ್ಲಿ, ಚಂದಾ ಎತ್ತಿ, ವೈದ್ಯರನ್ನು ಕೂಡಿಸಿ, ಸಮುದ್ರ ದಾಟಿ ಹೋಗಿ ಪರದೇಶದ ಸೈನಿಕರಿಗಾಗಿ ಆಸ್ಪತ್ರೆ ನಡೆಸಿದ ಒಂದು ಪ್ರಸಂಗವಿದೆ. ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಮದ್ರಸಗಳ ಪಾಠದಲ್ಲಿಯೂ ಇಲ್ಲ. ಇಂದು ಅದನ್ನೇ ಆರಿಸಿಕೊಂಡಿದ್ದೇನೆ.

1912ರ ಅಕ್ಟೋಬರ್ ತಿಂಗಳು. ಇಟಲಿಯು ಹಿಂದಿನ ವರ್ಷವೇ ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯದಿಂದ ಟ್ರಿಪೋಲಿಯನ್ನು ಕಸಿದುಕೊಳ್ಳಲು ಯುದ್ಧ ಹೂಡಿತ್ತು. ಆ ಯುದ್ಧ ಮುಗಿಯುವ ಮೊದಲೇ ಮಾಂಟೆನೆಗ್ರೊ, ಬಲ್ಗೇರಿಯಾ, ಸರ್ಬಿಯಾ ಮತ್ತು ಗ್ರೀಸ್ ಒಂದಾಗಿ ತುರ್ಕಿಯ ಮೇಲೆ ಬಿದ್ದವು. ತುರ್ಕಿಯ ಸೇನೆ ಸಿದ್ಧವಾಗಿರಲಿಲ್ಲ. ಕಿರ್ಕ್ ಕಿಲಿಸೆಯಲ್ಲಿ ಸೋಲಾಯಿತು, ಲೂಲೆಬುರ್ಗಾಸ್‌ನಲ್ಲಿ ಇನ್ನೂ ದೊಡ್ಡ ಸೋಲಾಯಿತು. ನವೆಂಬರ್ ಮಧ್ಯದ ಹೊತ್ತಿಗೆ ಬಲ್ಗೇರಿಯದ ಪಡೆಗಳು ಇಸ್ತಾಂಬುಲ್ ಹೊರವಲಯದ ಚತಾಲ್ಜಾ ರಕ್ಷಣಾರೇಖೆಯ ತನಕ ಬಂದು ನಿಂತವು. ಫಿರಂಗಿಯ ಸದ್ದು ರಾಜಧಾನಿಗೆ ಕೇಳಿಸುತ್ತಿತ್ತು.

ಆ ಯುದ್ಧದಲ್ಲಿ ಗುಂಡಿನಷ್ಟೇ ಕೊಂದದ್ದು ಕೆಸರು ಮತ್ತು ಕಾಲರಾ. ಥ್ರೇಸ್ ಪ್ರದೇಶದ ರಸ್ತೆಗಳು ಶರತ್ಕಾಲದ ಮಳೆಗೆ ಮೊಣಕಾಲಾಳದ ಕೆಸರಾಗಿದ್ದವು. ಗಾಯಾಳುಗಳನ್ನು ಸಾಗಿಸಲು ಇದ್ದದ್ದು ಎತ್ತಿನ ಗಾಡಿ. ಗಾಡಿ ಹೂತುಕೊಂಡಲ್ಲಿಯೇ ಗಾಯಾಳು ಸಾಯುತ್ತಿದ್ದ. ಅನಾತೋಲಿಯದ ಕಡೆಯಿಂದ ಬಂದ ತುಕಡಿಗಳೊಂದಿಗೆ ಕಾಲರಾ ಬಂತು. ಹಾದಿಮ್‌ಕೊಯ್ ರೈಲು ನಿಲ್ದಾಣದ ಬಳಿ, ಸಾನ್ ಸ್ಟೆಫಾನೊದ ಬಯಲಿನಲ್ಲಿ ರೋಗಿಗಳು ಸಾಲುಸಾಲಾಗಿ ಮಲಗಿದ್ದರು. ಅಯಾ ಸೋಫಿಯಾ ಮಸೀದಿಯ ಚಪ್ಪಡಿ ಕಲ್ಲುಗಳ ಮೇಲೂ ಕಾಲರಾ ರೋಗಿಗಳನ್ನು ಮಲಗಿಸಬೇಕಾಯಿತು. ಬಾಲ್ಕನ್ ಊರುಗಳಿಂದ ಓಡಿಬಂದ ಸಾವಿರಾರು ಮುಸ್ಲಿಮ್ ಕುಟುಂಬಗಳು ಅದೇ ನಗರದ ಇತರ ಮಸೀದಿಗಳ ಅಂಗಳಗಳಲ್ಲಿ ತುಂಬಿಕೊಂಡಿದ್ದವು.

ಈ ಸುದ್ದಿಗಳು ಭಾರತಕ್ಕೆ ತಲುಪಿದಾಗ ಇಲ್ಲಿನ ಮುಸ್ಲಿಮರಲ್ಲಿ ಉಂಟಾದ ತಳಮಳವನ್ನು ಇಂದು ಊಹಿಸುವುದು ಕಷ್ಟ. ಮೌಲಾನಾ ಅಬುಲ್ ಕಲಾಮ್ ಆಝಾದ್ ಕಲ್ಕತ್ತದಿಂದ ಅದೇ ವರ್ಷ 'ಅಲ್ ಹಿಲಾಲ್' ಪತ್ರಿಕೆ ಆರಂಭಿಸಿದ್ದರು. ಮೌಲಾನಾ ಮುಹಮ್ಮದ್ ಅಲಿ ತಮ್ಮ 'ಕಾಮ್ರೇಡ್' ಪತ್ರಿಕೆಯನ್ನು ಆಗಷ್ಟೇ ಕಲ್ಕತ್ತದಿಂದ ದೆಹಲಿಗೆ ಸಾಗಿಸಿದ್ದರು. ಟ್ರಿಪೋಲಿಯ ರಣರಂಗದಲ್ಲಿ ಗಾಯಾಳುಗಳಿಗೆ ನೀರುಣಿಸುತ್ತಲೇ ಪ್ರಾಣ ತೆತ್ತ ಫಾತಿಮಾ ಬಿಂತ್ ಅಬ್ದುಲ್ಲಾ ಎಂಬ ಅರಬ್ ಬಾಲಕಿಯ ಕುರಿತು ಇಕ್ಬಾಲರು ಬರೆದ ಕವಿತೆಯೂ ಆ ದಿನಗಳದೇ. ಅಲಿಗಡದ ವಿದ್ಯಾರ್ಥಿಗಳು ಊಟದ ಖರ್ಚನ್ನು ಕಡಿತಗೊಳಿಸಿ ಹಣ ಉಳಿಸಿದರು. ಮಹಿಳೆಯರು ಬಳೆ, ಓಲೆಗಳನ್ನು ಬಿಚ್ಚಿಕೊಟ್ಟರು.

ಕಣ್ಣೀರು, ಭಾಷಣ, ಠರಾವು ಇವುಗಳಲ್ಲಿ ನಮ್ಮ ಸಮುದಾಯಕ್ಕೆ ಎಂದೂ ಕೊರತೆಯಾದದ್ದಿಲ್ಲ. ಆದರೆ ಆ ಸಲ ಕೆಲವರು ಒಂದು ಹೆಜ್ಜೆ ಮುಂದೆ ಯೋಚಿಸಿದರು. ಗಾಯಗೊಂಡವನಿಗೆ ಮೊದಲು ಬೇಕಾದದ್ದು ಗಾಯ ತೊಳೆದು ಕಟ್ಟುವ ಕೈ ಎಂಬ ಸರಳ ಸತ್ಯ ಅವರಿಗೆ ಹೊಳೆಯಿತು. ವೈದ್ಯಕೀಯ ನಿಯೋಗವೊಂದನ್ನು ಕಳುಹಿಸುವ ತೀರ್ಮಾನವಾಯಿತು. ಮುಹಮ್ಮದ್ ಅಲಿಯವರು ಪತ್ರಿಕೆಯ ಮೂಲಕ ನಿಧಿ ಸಂಗ್ರಹದ ಹೊಣೆ ಹೊತ್ತರು. ನಿಯೋಗದ ನೇತೃತ್ವ ದೆಹಲಿಯ ಯುವ ಶಸ್ತ್ರವೈದ್ಯ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ಪಾಲಿಗೆ ಬಂತು.

ಅನ್ಸಾರಿಯವರು 1880ರಲ್ಲಿ ಗಾಝಿಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ ಜನಿಸಿದವರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಎಡಿನ್‌ಬರೋದಲ್ಲಿ ಉನ್ನತ ಪದವಿಗಳನ್ನು ಪಡೆದು, ಲಂಡನಿನ ಲಾಕ್ ಮತ್ತು ಚಾರಿಂಗ್ ಕ್ರಾಸ್ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದ್ದರು. ಕರಿಯ ಚರ್ಮದ ವೈದ್ಯನೊಬ್ಬ ಲಂಡನಿನ ಆಸ್ಪತ್ರೆಯಲ್ಲಿ ಸ್ಥಾನ ಪಡೆಯುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. 1910ರಲ್ಲಿ ಮರಳಿ ದೆಹಲಿಯಲ್ಲಿ ನೆಲೆಸಿದರು. ವೃತ್ತಿ ಆಗಷ್ಟೇ ಬೇರುಬಿಡತೊಡಗಿತ್ತು. ಅದನ್ನು ಬಿಟ್ಟು ಅವರು ಹೊರಟಾಗ ವಯಸ್ಸು ಮೂವತ್ತೆರಡರ ಆಸುಪಾಸು.

1912ರ ಡಿಸೆಂಬರ್ 15ರಂದು ನಿಯೋಗವು ಮುಂಬಯಿಯಿಂದ 'ಸಾರ್ಡೆನ್ಯ' ಎಂಬ ಹಡಗಿನಲ್ಲಿ ಪ್ರಯಾಣ ಬೆಳೆಸಿತು. ಸುಮಾರು ಇಪ್ಪತ್ತೈದು ಮಂದಿ. ಅವರಲ್ಲಿ ಪೂರ್ಣ ಪ್ರಮಾಣದ ವೈದ್ಯರು ಬೆರಳೆಣಿಕೆಯಷ್ಟು. ಉಳಿದವರು ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ, ಸ್ಟ್ರೆಚರ್ ಹೊರುವ, ರೋಗಿಯ ಪಕ್ಕದಲ್ಲಿ ರಾತ್ರಿ ಕಳೆಯುವ ಕೆಲಸಕ್ಕೆ ಮುಂದೆ ಬಂದ ಯುವಕರು. ಚೌಧರಿ ಖಲೀಕುಝ್ಝಮಾನ್, ಅಬ್ದುರ್ರಹ್ಮಾನ್ ಸಿದ್ದೀಕಿ, ಶುಐಬ್ ಕುರೈಶಿಯವರಂತಹ ಅಲಿಗಡದ ವಿದ್ಯಾರ್ಥಿಗಳು ಅವರಲ್ಲಿದ್ದರು. ಪೇಶಾವರದ ಅಬ್ದುರ್ರಹ್ಮಾನ್ ಎಂಬ ಯುವಕನಂತೂ ತನ್ನ ಸಾಮಾನು ಸರಂಜಾಮುಗಳನ್ನು ಮಾರಿ ದಾರಿಖರ್ಚು ಹೊಂದಿಸಿಕೊಂಡು ಹೊರಟನೆಂದು ಹೇಳಲಾಗುತ್ತದೆ. ಬ್ಯಾರಿಸ್ಟರರೋ ಅಧಿಕಾರಿಗಳೋ ಆಗಬೇಕೆಂದು ಮನೆಯವರು ಕನಸು ಕಂಡಿದ್ದ ಈ ಹುಡುಗರು ಅಲ್ಲಿಗೆ ಹೋದದ್ದು ಬೆಡ್‌ಪ್ಯಾನ್ ಎತ್ತುವುದಕ್ಕೆ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಬರುತ್ತೇನೆ.

ನಿಯೋಗವು ತಲುಪುವ ಹೊತ್ತಿಗೆ ತಾತ್ಕಾಲಿಕ ಕದನವಿರಾಮ ಜಾರಿಯಲ್ಲಿತ್ತು. ಆದರೆ ಗಾಯಗಳಿಗೆ ಕದನವಿರಾಮವಿರಲಿಲ್ಲ. 1913ರ ಫೆಬ್ರವರಿಯಲ್ಲಿ ಯುದ್ಧ ಮತ್ತೆ ಹತ್ತಿಕೊಂಡಿತು. ಚತಾಲ್ಜಾ ರೇಖೆಯ ಹಿಂಬದಿಯಲ್ಲಿ ಉಮರ್ಲಿ ಎಂಬಲ್ಲಿ ನಮ್ಮವರ ಆಸ್ಪತ್ರೆ ನಡೆಯಿತು. ಬಳಿಕ ದಾರ್ದನೆಲ್ಸ್ ಜಲಸಂಧಿಯ ದಡದ ಚನಕ್ಕಲೆಯಲ್ಲಿಯೂ ಸೇವೆ ಸಂದಿತು. ಅನ್ಸಾರಿಯವರು ಅಲ್ಲಿಂದ ಬರೆದ ಪತ್ರಗಳು 'ಕಾಮ್ರೇಡ್'ನಲ್ಲಿ ಪ್ರಕಟವಾಗುತ್ತಿದ್ದವು. ಹಣ ಕೊಟ್ಟವರು ಆ ಹಣ ಏನಾಯಿತೆಂದು ಅವುಗಳಿಂದ ತಿಳಿಯುತ್ತಿದ್ದರು.

ಯುದ್ಧಭೂಮಿಯ ಆಸ್ಪತ್ರೆ ಎಂದರೇನು ಎಂಬುದನ್ನು, ನೀವು ಈ ವೃತ್ತಿಯವರೇ ಆಗಿರುವುದರಿಂದ, ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ. 1913ರಲ್ಲಿ ಪೆನಿಸಿಲಿನ್ ಇರಲಿಲ್ಲ. ಅದು ಪತ್ತೆಯಾದದ್ದು 1928ರಲ್ಲಿ, ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ರಕ್ತದ ಗುಂಪುಗಳು ಪತ್ತೆಯಾಗಿದ್ದವಾದರೂ ರಕ್ತನಿಧಿಯೆಂಬುದು ಇರಲಿಲ್ಲ. ಇದ್ದದ್ದು ಕ್ಲೋರೋಫಾರ್ಮ್, ಟಿಂಕ್ಚರ್ ಅಯೋಡಿನ್, ಕುದಿಸಿದ ನೀರು, ಕುದಿಸಿದ ಉಪಕರಣ ಮತ್ತು ಶುಭ್ರ ಬಟ್ಟೆ. ಬಂದೂಕಿನ ಗುಂಡು ನೇರವಾಗಿ ತೂರಿಹೋದರೆ ಗಾಯ ಕೆಲವೊಮ್ಮೆ ಸುಲಭವಾಗಿ ಮಾಯುತ್ತದೆ. ಆದರೆ ಫಿರಂಗಿಯ ಚೂರು ಹಾಗಲ್ಲ. ಅದು ಮಾಂಸವನ್ನು ಹರಿದು, ಕೆಸರು ಮೆತ್ತಿದ ಬಟ್ಟೆಯ ತುಂಡನ್ನು ಗಾಯದೊಳಕ್ಕೆ ಒಯ್ಯುತ್ತದೆ. ಗೊಬ್ಬರ ಹಾಕಿದ ಹೊಲದ ಮಣ್ಣು ಗಾಯಕ್ಕೆ ಸೇರಿದರೆ ಧನುರ್ವಾಯು, ಇಲ್ಲವೇ ಅಂಗ ಕೊಳೆಯುವ ಗ್ಯಾಂಗ್ರೀನ್. ಆಗ ಕಾಲನ್ನೋ ಕೈಯನ್ನೋ ಕತ್ತರಿಸದೆ ಗತ್ಯಂತರವಿರಲಿಲ್ಲ. ಶಸ್ತ್ರಚಿಕಿತ್ಸೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬದುಕುವುದು ಸಾಯುವುದು ನಿರ್ಧಾರವಾಗುವುದು ಅನಂತರದ ಹದಿನೈದು ದಿನಗಳಲ್ಲಿ: ಡ್ರೆಸ್ಸಿಂಗ್ ಬದಲಿಸುವ ಕೈ ತೊಳೆದದ್ದೇ, ಹಾಸಿಗೆ ಒಣಗಿದೆಯೇ, ಕುಡಿಯುವ ನೀರು ಕುದಿಸಿದ್ದೇ, ಹೇನು ತೆಗೆದಿದ್ದಾರೆಯೇ (ಟೈಫಸ್ ಜ್ವರ ಹರಡುವುದು ಹೇನಿನಿಂದ), ಶೌಚದ ಗುಂಡಿ ಬಾವಿಯಿಂದ ದೂರವಿದೆಯೇ. ಇವೆಲ್ಲವೂ ಶುಶ್ರೂಷಕರ ಕೆಲಸ. ಔಷಧವೇ ಇಲ್ಲದ ಕಾಲದಲ್ಲಿ ಶುಶ್ರೂಷೆಯೇ ಔಷಧವಾಗಿತ್ತು ಎಂಬುದು ಆಲಂಕಾರಿಕ ಮಾತಲ್ಲ.

ಇದಕ್ಕೆ ಲೆಕ್ಕದ ಪುರಾವೆಯೂ ಇದೆ, ಅದೇ ಇಸ್ತಾಂಬುಲಿನಿಂದಲೇ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರ್‌ನಲ್ಲಿ, ನೈಟಿಂಗೇಲ್ ಅವರು 38 ಮಂದಿ ಶುಶ್ರೂಷಕಿಯರೊಂದಿಗೆ ಬಂದಿಳಿದದ್ದು ಇಸ್ತಾಂಬುಲಿನ ಉಸ್ಕುದಾರ್ ಬರಾಕುಗಳಿಗೆ. ಇಂಗ್ಲಿಷರು ಅದನ್ನು ಸ್ಕುಟಾರಿ ಎನ್ನುತ್ತಿದ್ದರು. 1855ರ ಫೆಬ್ರವರಿಯಲ್ಲಿ ಅಲ್ಲಿ ದಾಖಲಾದ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಚರಂಡಿಗಳನ್ನು ತೊಳೆದು, ಗಾಳಿ ಬೆಳಕಿನ ವ್ಯವಸ್ಥೆ ಮಾಡಿದ ಮೇಲೆ ಕೆಲವೇ ತಿಂಗಳಲ್ಲಿ ಅದು ನೂರಕ್ಕೆ ಎರಡರ ಸಮೀಪಕ್ಕಿಳಿಯಿತು. ಆಕೆಯ ಕೈಯ ದೀಪವನ್ನು ಎಲ್ಲರೂ ಕೊಂಡಾಡುತ್ತಾರೆ. ಚರಂಡಿಯನ್ನು ಯಾರೂ ನೆನೆಯುವುದಿಲ್ಲ.

ಇನ್ನು, ಅನ್ಸಾರಿ ನಿಯೋಗದಲ್ಲಿ ಇಲ್ಲದವರ ಕುರಿತು. ಸಮುದ್ರ ದಾಟಿದವರೆಲ್ಲರೂ ಪುರುಷರು. ಆಭರಣ ಬಿಚ್ಚಿಕೊಟ್ಟ ಮಹಿಳೆಯರಲ್ಲಿ ಒಬ್ಬರೂ ಆ ಹಡಗಿನಲ್ಲಿರಲಿಲ್ಲ. ಇರುವ ಸಾಧ್ಯತೆಯೂ ಇರಲಿಲ್ಲ, ಏಕೆಂದರೆ ಅಂತಹ ತರಬೇತಿ ಪಡೆದ ಮುಸ್ಲಿಮ್ ಮಹಿಳೆಯರನ್ನು ಸಮುದಾಯ ತಯಾರು ಮಾಡಿರಲೇ ಇಲ್ಲ. ಆದರೆ ಅವರು ತಲುಪಿದ ನಗರದಲ್ಲಿ ಪರಿಸ್ಥಿತಿ ಬದಲಾಗತೊಡಗಿತ್ತು. ತುರ್ಕಿಯ ಹಿಲಾಲೆ ಅಹ್ಮರ್, ಅಂದರೆ ರೆಡ್ ಕ್ರೆಸೆಂಟ್ ಸಂಸ್ಥೆ, 1912ರಲ್ಲಿ ಮಹಿಳಾ ಶಾಖೆಯನ್ನು ತೆರೆದಿತ್ತು. ಲೇಖಕಿ ಹಾಲಿದೆ ಅದೀಬ್ ಮತ್ತು ಅವರ ಸಂಗಾತಿಗಳು ತಮ್ಮ ಮಹಿಳಾ ಸಂಘದ ವತಿಯಿಂದ ಸಣ್ಣ ಆಸ್ಪತ್ರೆಯೊಂದನ್ನು ನಡೆಸಿ, ಸ್ವತಃ ಗಾಯಾಳುಗಳ ಆರೈಕೆಗೆ ನಿಂತರು. ಸಫಿಯಾ ಹುಸೈನ್ ಎಂಬ ಮಹಿಳೆ ಬಾಲ್ಕನ್ ಯುದ್ಧದಲ್ಲಿ ಸ್ವಯಂಸೇವಕಿಯಾಗಿ ಕೆಲಸ ಆರಂಭಿಸಿ, 1915ರ ಗಲಿಪೊಲಿ ಯುದ್ಧದಲ್ಲಿ 'ರಶೀದ್ ಪಾಶಾ' ಆಸ್ಪತ್ರೆ ಹಡಗಿನ ಮುಖ್ಯ ಶುಶ್ರೂಷಕಿಯಾದರು.

ಇದನ್ನು ಪಾಶ್ಚಾತ್ಯರ ಅನುಕರಣೆ ಎಂದು ಆಗಲೂ ಕೆಲವರು ಮೂಗು ಮುರಿದರು, ಈಗಲೂ ಮುರಿಯುವವರಿದ್ದಾರೆ. ಅವರು ತಮ್ಮದೇ ಇತಿಹಾಸವನ್ನು ಓದಿಲ್ಲ. ಕಂದಕ ಯುದ್ಧದಲ್ಲಿ ತೋಳಿನ ರಕ್ತನಾಳಕ್ಕೆ ಬಾಣ ತಗುಲಿದ ಹ. ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ರು ಆರೈಕೆಗಾಗಿ ಕಳುಹಿಸಿದ್ದು ರುಫೈದಾರ ಡೇರೆಗೆ. ಆ ಡೇರೆ ಇದ್ದದ್ದು ಮಸೀದಿಯ ಆವರಣದಲ್ಲಿ. ಪ್ರವಾದಿ(ಸ)ರು ಬೆಳಿಗ್ಗೆ ಸಂಜೆ ಅಲ್ಲಿಗೆ ಬಂದು ರೋಗಿಯ ಕ್ಷೇಮ ವಿಚಾರಿಸುತ್ತಿದ್ದರು. ಹ. ಉಮ್ಮು ಅತಿಯ್ಯಾ(ರ) ಏಳು ದಂಡಯಾತ್ರೆಗಳಲ್ಲಿ ಜೊತೆಗಿದ್ದು ಅಡುಗೆ ಮಾಡಿ, ಗಾಯಾಳುಗಳಿಗೆ ಚಿಕಿತ್ಸೆ ನೀಡಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಹ. ರುಬಯ್ಯಿಅ್(ರ) ನೀರುಣಿಸಿ, ಗಾಯಾಳುಗಳನ್ನು ಮದೀನಕ್ಕೆ ಸಾಗಿಸಿದ್ದನ್ನು ತಾವೇ ವಿವರಿಸಿದ್ದಾರೆ. ಉಹುದ್‌ನಲ್ಲಿ ಹ. ಆಯಿಶಾ(ರ) ನೀರಿನ ಚರ್ಮದ ಚೀಲ ಹೊತ್ತವರು. ಸಭೆಯಲ್ಲಿ ಈ ಹೆಸರುಗಳನ್ನು ಹೇಳಿ ತಕ್ಬೀರ್ ಕೂಗಿಸುತ್ತೇವೆ. ಮನೆಗೆ ಹೋಗಿ, ಶುಶ್ರೂಷೆ ಓದುತ್ತೇನೆಂದ ಮಗಳನ್ನು "ನರ್ಸ್ ಕೆಲಸವೇ?" ಎಂದು ಗದರಿಸುತ್ತೇವೆ.

ಹಣದ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ನಿಯೋಗದ ಉದ್ದೇಶ ಒಂದೇ ಆಗಿತ್ತು, ಅವಧಿ ಸೀಮಿತವಾಗಿತ್ತು, ಹೋದವರು ಕೆಲಸ ಮುಗಿಸಿ 1913ರ ಬೇಸಿಗೆಯಲ್ಲಿ ಮರಳಿದರು. ಹತ್ತು ವರ್ಷಗಳ ಅನಂತರ ಇದೇ ಉತ್ಸಾಹದಿಂದ, ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಪ್ರಮಾಣದಲ್ಲಿ ಸಂಗ್ರಹವಾದ ಖಿಲಾಫತ್ ನಿಧಿಯ ಗತಿ ಏನಾಯಿತು? ಲಕ್ಷಾಂತರ ರೂಪಾಯಿ ಚಳವಳಿಯ ಪ್ರಮುಖರೊಬ್ಬರ ವ್ಯಾಪಾರದಲ್ಲಿ ಸಿಲುಕಿಕೊಂಡು, ಲೆಕ್ಕಪತ್ರದ ಹಗರಣವಾಗಿ, ಬಡವರು ಕೊಟ್ಟ ಕಾಸಿನ ಮೇಲಿನ ವಿಶ್ವಾಸವೇ ಮುರಿಯಿತು. ಇಂದಿಗೂ ದೂರದ ದೇಶಗಳ ಸಂತ್ರಸ್ತರ ಹೆಸರಿನಲ್ಲಿ ಜುಮಾ ನಮಾಝಿನ ಬಳಿಕ ವಸ್ತ್ರ ಹಾಸಿ ಸಂಗ್ರಹಿಸುವವರು ಈ ಎರಡೂ ಉದಾಹರಣೆಗಳನ್ನು ಒಟ್ಟಿಗೆ ಓದಬೇಕು. ರಶೀದಿ ಕೇಳುವುದು ಈಮಾನಿನ ಕೊರತೆಯಲ್ಲ.

ಈಗ ರಾಜಕೀಯಕ್ಕೆ ಬರೋಣ. ಹೊರದೇಶದ ಮುಸ್ಲಿಮರ ನೋವಿಗೆ ಮಿಡಿಯುವ ಭಾರತೀಯ ಮುಸ್ಲಿಮನ ದೇಶನಿಷ್ಠೆ ಸಂದೇಹಾಸ್ಪದ ಎಂಬ ವಾದ ಹೊಸತೇನಲ್ಲ. ಈ ವಾದಕ್ಕೆ ಅನ್ಸಾರಿಯವರ ಬದುಕಿಗಿಂತ ಮಿಗಿಲಾದ ಉತ್ತರ ನನಗೆ ತಿಳಿದಿಲ್ಲ. ತುರ್ಕಿಯ ಗಾಯಾಳುಗಳಿಗಾಗಿ ಹಡಗು ಹತ್ತಿದ ಅದೇ ವ್ಯಕ್ತಿ 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲೊಬ್ಬರಾದರು. 1927ರ ಮದ್ರಾಸ್ ಅಧಿವೇಶನದಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ದೆಹಲಿಯ ದರಿಯಾಗಂಜ್‌ನ ಅವರ ಮನೆ 'ದಾರುಸ್ಸಲಾಮ್' ಸ್ವಾತಂತ್ರ್ಯ ಹೋರಾಟಗಾರರ ತಂಗುದಾಣವಾಯಿತು. ಅವರು ಗಾಂಧೀಜಿಯ ವೈದ್ಯರೂ ಆಗಿದ್ದರು. ಪ್ರತ್ಯೇಕತೆಯ ರಾಜಕಾರಣಕ್ಕೆ ಕೊನೆಯವರೆಗೂ ಒಪ್ಪಲಿಲ್ಲ. 1935ರಲ್ಲಿ ಅವರ ಆಹ್ವಾನದ ಮೇರೆಗೆ ಹಾಲಿದೆ ಅದೀಬ್ ಅವರು ಜಾಮಿಯಾಕ್ಕೆ ಬಂದು ಉಪನ್ಯಾಸ ಮಾಲೆ ನೀಡಿದರು. ಮರುವರ್ಷ ಮೇ ತಿಂಗಳಲ್ಲಿ ರೈಲು ಪ್ರಯಾಣದಲ್ಲಿ ಅನ್ಸಾರಿಯವರು ತೀರಿಕೊಂಡರು. ಜಾಮಿಯಾದ ನೆಲದಲ್ಲಿಯೇ ಅವರ ಸಮಾಧಿಯಿದೆ.

ಅದೇ ಡೇರೆಯಲ್ಲಿ ದುಡಿದ ಇತರರ ದಾರಿಗಳು ಬೇರೆಯಾದವು. ಖಲೀಕುಝ್ಝಮಾನ್ ಮುಸ್ಲಿಮ್ ಲೀಗಿನ ಮುಂದಾಳಾಗಿ ಕೊನೆಗೆ ಪಾಕಿಸ್ತಾನಕ್ಕೆ ಹೋದರು. ಸಿದ್ದೀಕಿ ಕಲ್ಕತ್ತದ ಮೇಯರ್ ಆಗಿ, ವಿಭಜನೆಯ ಬಳಿಕ ಅವರೂ ಅತ್ತ ಸೇರಿದರು. ಶುಐಬ್ ಕುರೈಶಿ 1928ರ ನೆಹರೂ ಸಮಿತಿಯಲ್ಲಿದ್ದವರು, ಅವರೂ ಮುಂದೆ ಪಾಕಿಸ್ತಾನದ ಸಚಿವರಾದರು. ಪೇಶಾವರದ ಅಬ್ದುರ್ರಹ್ಮಾನ್ ಹಿಂತಿರುಗಲೇ ಇಲ್ಲ. ತುರ್ಕಿಯ ಸೇನೆ ಸೇರಿ ಗಲಿಪೊಲಿಯಲ್ಲಿ ಹೋರಾಡಿ, ಅನಾತೋಲಿಯಾ ಸುದ್ದಿಸಂಸ್ಥೆಯ ಆರಂಭದ ದಿನಗಳಲ್ಲಿ ದುಡಿದು, ಅಂಕಾರಾ ಸರಕಾರದ ರಾಯಭಾರಿಯಾಗಿ ಕಾಬೂಲಿಗೆ ಹೋದರು. 1925ರಲ್ಲಿ ಇಸ್ತಾಂಬುಲಿನ ಬೀದಿಯಲ್ಲಿ ಅವರಿಗೆ ಗುಂಡಿಕ್ಕಲಾಯಿತು. ಅವರನ್ನೇ ಹೋಲುತ್ತಿದ್ದ ರವೂಫ್ ಬೇ ಎಂಬ ರಾಜಕಾರಣಿಯೆಂದು ಭಾವಿಸಿ ಕೊಂದರೆಂಬುದು ಪ್ರಚಲಿತವಾದ ನಂಬಿಕೆ. ಗಾಯ ಕಟ್ಟುವುದರಲ್ಲಿ ಒಂದಾಗಿದ್ದವರು ದೇಶ ಕಟ್ಟುವುದರಲ್ಲಿ ಒಂದಾಗಲಿಲ್ಲ. ಇದಕ್ಕೆ ಕಾರಣಗಳೇನೆಂಬುದು ಬೇರೊಂದು ಭಾಷಣದ ವಿಷಯ.

ಇತಿಹಾಸ ಇನ್ನೊಂದು ವ್ಯಂಗ್ಯವನ್ನೂ ತಂದಿಟ್ಟಿತು. ನಮ್ಮವರು ತುರ್ಕಿಯ ಸೈನಿಕರ ಗಾಯ ತೊಳೆದ ಎರಡೇ ವರ್ಷಗಳಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷರ ಭಾರತೀಯ ಸೇನೆ ಗಲಿಪೊಲಿಯಲ್ಲಿ, ಇರಾಕಿನಲ್ಲಿ, ಪ್ಯಾಲೆಸ್ತೀನಿನಲ್ಲಿ ತುರ್ಕಿಯ ವಿರುದ್ಧ ನಿಂತಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಕುದುರೆ ದಾಳಿಯಿಂದ ಗೆದ್ದವರಲ್ಲಿ ಜೋಧಪುರದವರೊಂದಿಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಮೈಸೂರು ಸಂಸ್ಥಾನದ ಆ ಸವಾರರಲ್ಲಿ ಮುಸ್ಲಿಮರೂ ಇದ್ದರು. ಯಾರ ಯುದ್ಧ, ಯಾರ ಗಾಯ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಸತ್ಯವನ್ನು ಅರ್ಧ ಹೇಳಿ ನಿಲ್ಲಿಸುವುದು ಸರಿಯಲ್ಲ. ಬಾಲ್ಕನ್ನಿನಲ್ಲಿ ಮುಸ್ಲಿಮ್ ಹಳ್ಳಿಗಳು ಸುಟ್ಟುಹೋದದ್ದು ನಿಜ. ಆದರೆ 1914ರಲ್ಲಿ ಪ್ರಕಟವಾದ ಕಾರ್ನೆಗಿ ಆಯೋಗದ ವರದಿಯು ದೌರ್ಜನ್ಯಗಳನ್ನು ಎಲ್ಲ ಪಕ್ಷಗಳ ಲೆಕ್ಕದಲ್ಲಿಯೂ ದಾಖಲಿಸಿತು. ಖಲೀಫರ ಅದೇ ಸಾಮ್ರಾಜ್ಯದ ಆಡಳಿತಗಾರರು 1915ರಲ್ಲಿ ಆರ್ಮೇನಿಯನ್ ಪ್ರಜೆಗಳನ್ನು ಮನೆಮಠ ಬಿಡಿಸಿ ಮರುಭೂಮಿಗೆ ಅಟ್ಟಿ ಅಸಂಖ್ಯ ಜನರ ಸಾವಿಗೆ ಕಾರಣರಾದರು. ಗಾಯಾಳು ಸೈನಿಕನಿಗೆ ಮದ್ದು ಹಚ್ಚಿದ ಮಾತ್ರಕ್ಕೆ ಅವನ ಸರಕಾರದ ಎಲ್ಲ ಕೃತ್ಯಗಳಿಗೂ ವಕಾಲತ್ತು ವಹಿಸಿದಂತಾಗುವುದಿಲ್ಲ. ವಹಿಸಲೂಬಾರದು. 1859ರಲ್ಲಿ ಸೊಲ್ಫೆರಿನೊದ ರಣರಂಗವನ್ನು ಕಂಡ ಹೆನ್ರಿ ದ್ಯೂನಾನ್ ಅವರ ಪ್ರಯತ್ನದಿಂದ 1864ರ ಜಿನೀವಾ ಒಪ್ಪಂದ ರೂಪುಗೊಂಡಿತು. ಮರುವರ್ಷವೇ ತುರ್ಕಿ ಅದನ್ನು ಒಪ್ಪಿಕೊಂಡಿತ್ತು. ಗಾಯಾಳು ಯಾವ ಪಕ್ಷದವನೇ ಇರಲಿ, ಆಯುಧ ಕೆಳಗಿಟ್ಟ ಮೇಲೆ ಅವನು ರೋಗಿ ಮಾತ್ರ ಎಂಬುದೇ ಅದರ ತಿರುಳು. ಇದು ನಮಗೆ ಹೊಸದಾಗಬೇಕಿಲ್ಲ. ಸೆರೆಯಾಳಿಗೆ ಉಣಿಸುವುದನ್ನು ಕುರ್‌ಆನ್ ಸಜ್ಜನರ ಲಕ್ಷಣಗಳಲ್ಲಿ ಎಣಿಸಿದೆ. ಬದ್ರ್‌ನಲ್ಲಿ ಸೆರೆಸಿಕ್ಕ ಅಬೂ ಅಝೀಝ್, ತನ್ನನ್ನು ಹಿಡಿದವರು ತಾವು ಖರ್ಜೂರ ತಿಂದು ತನಗೆ ರೊಟ್ಟಿ ಕೊಡುತ್ತಿದ್ದರೆಂದು ನೆನೆದಿದ್ದಾರೆ. 1906ರಲ್ಲಿ ದಕ್ಷಿಣ ಆಫ್ರಿಕದಲ್ಲಿ, ಬಿಳಿಯ ಶುಶ್ರೂಷಕರು ಮುಟ್ಟಲೊಪ್ಪದ ಝುಲು ಗಾಯಾಳುಗಳ ಕೊಳೆತ ಗಾಯಗಳನ್ನು ತೊಳೆದದ್ದು ಗಾಂಧೀಜಿಯವರ ಭಾರತೀಯ ಆಂಬುಲೆನ್ಸ್ ತಂಡ. ಆ ತಂಡ ಹೋದದ್ದು ಬ್ರಿಟಿಷರ ಪರವಾಗಿ!

ಒಂದೂವರೆ ಶತಮಾನದ ಬಳಿಕ ಆ ಒಪ್ಪಂದದ ಸ್ಥಿತಿ ಹೇಗಿದೆ? 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಝ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ನಡೆಸಿತು. ರೋಗಿಗಳೂ ಸಿಬ್ಬಂದಿಯೂ ಸೇರಿ 42 ಮಂದಿ ಸತ್ತರು. ಆಸ್ಪತ್ರೆ ಎಲ್ಲಿದೆಯೆಂಬ ವಿವರವನ್ನು ಸಂಸ್ಥೆ ಮುಂಚಿತವಾಗಿಯೇ ತಿಳಿಸಿತ್ತು. ಪ್ರಮಾದವೆಂದು ಅಮೆರಿಕ ಹೇಳಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. 2016ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುದ್ಧಕಾಲದಲ್ಲಿ ಆಸ್ಪತ್ರೆಗಳನ್ನು ರಕ್ಷಿಸಬೇಕೆಂಬ 2286ನೆಯ ಠರಾವನ್ನು ಅಂಗೀಕರಿಸಿತು. ಅದಕ್ಕೆ ಕೈಯೆತ್ತಿದ ಮಹಾಶಕ್ತಿಗಳ ಕಣ್ಣೆದುರಿಗೇ 2023ರ ನವೆಂಬರ್‌ನಲ್ಲಿ ಗಾಝಾದ ಅತಿ ದೊಡ್ಡ ಆಸ್ಪತ್ರೆ ಅಶ್ಶಿಫಾಕ್ಕೆ ಇಸ್ರೇಲಿ ಸೇನೆ ನುಗ್ಗಿತು. 2024ರ ಮಾರ್ಚ್‌ನ ಎರಡನೆಯ ದಾಳಿಯ ಬಳಿಕ ಅಲ್ಲಿ ಉಳಿದದ್ದು ಸುಟ್ಟ ಗೋಡೆಗಳು. ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬೇಕಾದ ಸ್ಥಿತಿ ಅಲ್ಲಿತ್ತು. 1913ರ ಉಮರ್ಲಿಯ ಡೇರೆಗಳ ಕಾಲದಲ್ಲಿಯೇ ಕ್ಲೋರೋಫಾರ್ಮ್ ಬಳಕೆಗೆ ಬಂದು ಅರ್ಧ ಶತಮಾನ ಮೀರಿತ್ತು ಎಂಬುದನ್ನು ನೆನಪಿಡಿ. ಲಂಡನಿನಿಂದ ಹೋದ ಪ್ಯಾಲೆಸ್ತೀನ್ ಮೂಲದ ಶಸ್ತ್ರವೈದ್ಯ ಡಾ. ಗಸ್ಸಾನ್ ಅಬೂ ಸಿತ್ತಾ 2023ರಲ್ಲಿ 43 ದಿನ ಅಲ್ಲಿ ದುಡಿದರು. ನಾವು ಇಲ್ಲಿ ವಾಟ್ಸಪ್ ಸಂದೇಶ ರವಾನಿಸಿದೆವು.

ಭಾರತೀಯರೇ ಯುದ್ಧದ ನಡುವೆ ಪರದೇಶದ ಆಸ್ಪತ್ರೆಯಲ್ಲಿ ಸಿಲುಕಿದ ಘಟನೆಯೊಂದು ನಿಮಗೆ ನೆನಪಿರಬಹುದು. 2014ರಲ್ಲಿ ಇರಾಕಿನ ತಿಕ್ರಿತ್ ನಗರವನ್ನು ಐಎಸ್ ಉಗ್ರರು ವಶಪಡಿಸಿಕೊಂಡಾಗ ಅಲ್ಲಿನ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ಶುಶ್ರೂಷಕಿಯರಿದ್ದರು. ಬಹುತೇಕ ಕೇರಳದವರು, ಹೆಚ್ಚಿನವರು ಕ್ರೈಸ್ತರು. ಸಾಲ ಮಾಡಿ ಓದಿ, ಸಾಲ ತೀರಿಸಲು ಅಲ್ಲಿಗೆ ಹೋದ ಹೆಣ್ಣುಮಕ್ಕಳು. ಅವರನ್ನು ಮೋಸುಲ್‌ಗೆ ಒಯ್ದರು. ಬಳಿಕ ಬಿಡುಗಡೆಯಾಗಿ ಜುಲೈ 5ರಂದು ಕೊಚ್ಚಿಯಲ್ಲಿ ಬಂದಿಳಿದರು. ಇರಾಕಿನ ಮುಸ್ಲಿಮ್ ಗಾಯಾಳುಗಳ ಪಕ್ಕದಲ್ಲಿ ನಿಂತವರು ಇವರು. ಗಲ್ಫ್ ದೇಶಗಳ ಯಾವ ಆಸ್ಪತ್ರೆಗೆ ಹೋದರೂ ಈ ಸಹೋದರಿಯರನ್ನೇ ಕಾಣುತ್ತೀರಿ. ಹಜ್ಜ್‌ಗೆ ಹೋಗಿ ಕಾಯಿಲೆ ಬಿದ್ದ ನಮ್ಮ ಎಷ್ಟೋ ಹಿರಿಯರ ನಾಡಿ ಹಿಡಿದವರೂ ಅವರ ವೃತ್ತಿಯವರೇ.

ಅಲಿಗಡದ ಯುವಕರು ಬೆಡ್‌ಪ್ಯಾನ್ ಎತ್ತಲು ಹೋದರೆಂದು ಆಗಲೇ ಒತ್ತಿ ಹೇಳಿದ್ದು ಇದಕ್ಕಾಗಿ. ನಮ್ಮಲ್ಲಿ ವೈದ್ಯನಾಗುವ ಹಂಬಲವಿದೆ, ಸೀಟಿಗಾಗಿ ಜಮೀನು ಮಾರುವವರಿದ್ದಾರೆ. ಶುಶ್ರೂಷೆಯೆಂದರೆ ಮಾತ್ರ ಮುಜುಗರ. ಈ ಜಿಲ್ಲೆಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಹೊರ ರಾಜ್ಯದವರು ಬಂದು ಇಲ್ಲಿ ಓದಿ ಹೋಗುತ್ತಾರೆ. ಪಕ್ಕದ ಬೀದಿಯ ನಮ್ಮ ಮಗಳು ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿರುತ್ತಾಳೆ. ತಂದೆ ತಾಯಿಯರು ಕೇಳುವ ಪ್ರಶ್ನೆಗಳು ನನಗೆ ಗೊತ್ತು: ನೈಟ್ ಡ್ಯೂಟಿ, ಸಮವಸ್ತ್ರ, ಪುರುಷ ವಾರ್ಡು, ಮದುವೆ. ಇವು ಹಗುರವಾದ ಪ್ರಶ್ನೆಗಳೆಂದು ನಾನು ಹೇಳುವುದಿಲ್ಲ. ಹಾಸ್ಟೆಲಿನ ಭದ್ರತೆ, ರಾತ್ರಿ ಪಾಳಿಗೆ ವಾಹನ, ತಲೆವಸ್ತ್ರಕ್ಕೆ ಅನುಮತಿ ಇವೆಲ್ಲ ಆಡಳಿತ ಮಂಡಳಿಗಳೊಂದಿಗೆ ಕುಳಿತು ಬಗೆಹರಿಸಬೇಕಾದ ಸಂಗತಿಗಳು. ಜಮಾಅತಿನ ಹಿರಿಯರು ಒಂದಾಗಿ ಹೋಗಿ ಮಾತನಾಡಿದರೆ ಬಗೆಹರಿಯುವಂಥವು. ಆದರೆ ನಮ್ಮ ಹೆಣ್ಣುಮಕ್ಕಳ ಹೆರಿಗೆಗೆ ಮಹಿಳಾ ಸಿಬ್ಬಂದಿಯೇ ಬೇಕೆಂದು ಆಸ್ಪತ್ರೆಯಲ್ಲಿ ಪಟ್ಟು ಹಿಡಿಯುವವರು, ಆ ಮಹಿಳೆ ಯಾರದೋ ಮನೆಯ ಮಗಳಾಗಿರಲಿ, ನಮ್ಮ ಮನೆಯವಳಾಗುವುದು ಬೇಡ ಎನ್ನುವುದಾದರೆ ಅದಕ್ಕೆ ಯಾವ ಫಿಕ್‌ಹ್‌ನ ಆಧಾರವಿದೆ?

ಜನರಲ್ ನರ್ಸಿಂಗ್ ಮೂರು ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಗಂಡುಮಕ್ಕಳಿಗೂ ಅವಕಾಶವಿದೆ, ಬೇಡಿಕೆಯೂ ಇದೆ. ಈ ಸಭೆಯಲ್ಲಿರುವ ಅಂತಿಮ ವರ್ಷದ ವಿದ್ಯಾರ್ಥಿನಿಯರು ತಮ್ಮ ತಮ್ಮ ಮೊಹಲ್ಲಾದ ಪಿಯುಸಿ ಹುಡುಗಿಯರನ್ನೂ ಅವರ ತಾಯಂದಿರನ್ನೂ ಒಮ್ಮೆ ತಮ್ಮ ವಾರ್ಡಿಗೆ ಕರೆದೊಯ್ದು ತೋರಿಸಬಹುದೇ ಎಂದು ಕೇಳಿಕೊಳ್ಳುತ್ತೇನೆ. ನಮ್ಮಂಥವರ ಹತ್ತು ಭಾಷಣ ಮಾಡದ ಕೆಲಸವನ್ನು ಅದು ಮಾಡೀತು. ಅಸ್ರ್ ನಮಾಝಿಗೆ ಇನ್ನು ಕಾಲು ಗಂಟೆ ಇದೆ. ಅಷ್ಟರೊಳಗೆ ಪೋಷಕರ ಪ್ರಶ್ನೆಗಳನ್ನು, ಮುಖ್ಯವಾಗಿ ತಾಯಂದಿರ ಪ್ರಶ್ನೆಗಳನ್ನು, ಕೇಳಲು ಸಿದ್ಧನಿದ್ದೇನೆ.